ಸಾಣಿಕಟ್ಟಾ ಉಪ್ಪಿನಿಂದ ಸ್ವಾಲ್ಬಾರ್ಡ್ ಹಿಮಕ್ಕೆ: ಧ್ರುವದ ಫೋಟೋಗ್ರಫಿಗೆ ನಮ್ಮ ಕರಾವಳಿಯಲ್ಲೇ ತಯಾರಿ

ಕಾರವಾರದವರಿಗೆ ಮಂಜುಗಡ್ಡೆ ಅಂದರೆ ಮೀನಿನ ಮೇಲೆ ಹಾಕುವ ವಸ್ತು. ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವ ಲಾರಿಯಿಂದ ಎಳೆದು ಇಳಿಸುವ ಐಸ್ ಬ್ಲಾಕನ್ನು ಒಮ್ಮೆ ನಿಂತು ನೋಡಿ. ಅಂಚಿನಲ್ಲಿ ಗಾಜಿನ ಹಾಗೆ ತಿಳಿ, ನಟ್ಟನಡುವೆ ಮಾತ್ರ ಹಾಲು ಚೆಲ್ಲಿದ ಹಾಗೆ ಬಿಳಿ. ನೀರು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತ ಬರುವಾಗ ಅದರಲ್ಲಿದ್ದ ಗಾಳಿ ನಡುವಿಗೆ ಸರಿದು ಸಣ್ಣ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಆ ಗುಳ್ಳೆಗಳು ಬೆಳಕನ್ನು ಚೆದುರಿಸುವುದರಿಂದ ಬಿಳಿ ಕಾಣುತ್ತದೆ. ಹಿಮನದಿಯ ಗಡ್ಡೆಯಲ್ಲಿ ಮೇಲಿನ ಭಾರಕ್ಕೆ ಗುಳ್ಳೆಗಳೆಲ್ಲ ಹಿಂಡಿಹೋಗಿರುತ್ತವೆ. ಬೆಳಕು ಆಳಕ್ಕೆ ಇಳಿಯುತ್ತದೆ, ಗಡ್ಡೆ ಅದರ ಕೆಂಪನ್ನು ಹೀರಿಕೊಳ್ಳುತ್ತದೆ, ನೀಲಿ ಉಳಿದು ಹೊರಬರುತ್ತದೆ. ಅದಕ್ಕೇ ಹಿಮನದಿಯ ಮುಖ ನೀಲಿ, ನಮ್ಮ ಬಂಗಡೆಯ ಮೇಲಿನ ಐಸು ಬಿಳಿ.

ನಾನು ಈ ಬ್ಲಾಕುಗಳ ಫೋಟೋ ತೆಗೆಯುತ್ತ ಕೂತದ್ದನ್ನು ನೋಡಿ ಬಂದರಿನವರು ನಕ್ಕದ್ದಿದೆ. ಆದರೆ ಎರಡು ವರ್ಷದ ಮೇಲೆ ಒಂದು ಜೂನ್ ತಿಂಗಳಲ್ಲಿ ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋದಾಗ, ನನ್ನ ಬಳಿ ಇದ್ದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಲ್ಲೇ, ಕಾರವಾರ–ಕುಮಟಾ–ಶಿರಸಿಯ ನಡುವೆಯೇ ಕಲಿತದ್ದಾಗಿತ್ತು. ಉಳಿದ ಕಾಲು ಪಾಲನ್ನು ಅಲ್ಲಿ ತಪ್ಪು ಮಾಡಿ ಕಲಿತೆ. ಹಡಗಿನ ಪ್ರವಾಸಕ್ಕೆ ಹಲವು ಲಕ್ಷ ಸುರಿದು ಹತ್ತು ದಿನಕ್ಕೆ ಹೋಗುವವರು, ಕಾಯುವುದನ್ನು ಅಲ್ಲಿ ಹೋಗಿ ಕಲಿಯುತ್ತೇನೆ ಅಂದುಕೊಂಡರೆ ಕಲಿಯುವಷ್ಟರಲ್ಲಿ ಹಡಗು ವಾಪಸು ಬಂದಿರುತ್ತದೆ. ಹಾಗಾಗಿ ಇಲ್ಲಿಂದಲೇ ಶುರು ಮಾಡುವ ಕ್ರಮ ಹೇಳುತ್ತೇನೆ. ಹೋಗುವ ಯೋಚನೆಯೇ ಇಲ್ಲದವರಿಗೂ ಮೊದಲ ಅರ್ಧ ಉಪಯೋಗಕ್ಕೆ ಬಂದೀತು. ಯಾಕೆಂದರೆ ಧ್ರುವದ ಕಡೆಯವರು ಪ್ರತಿ ವರ್ಷ ನಮ್ಮಲ್ಲಿಗೇ ಬರುತ್ತಾರೆ.

ಮೊದಲ ಹೆಜ್ಜೆ: ಒಂದೇ ಜಾಗ ಹಿಡಿದು ಕೂರಿ

ಹೊಸ ಲೆನ್ಸ್ ಕೊಳ್ಳುವ ಮೊದಲು ಒಂದು ಜಾಗ ಆರಿಸಿ. ನನ್ನದು ಅಘನಾಶಿನಿ ಅಳಿವೆ, ತದಡಿಯ ಆಚೀಚೆ. ಶಿರಸಿಯಲ್ಲಿ ಹುಟ್ಟಿ ಅಣೆಕಟ್ಟೆಯ ಗೊಡವೆಯಿಲ್ಲದೆ ಕಡಲು ಸೇರುವ ನದಿ ಇದು. ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಾರವಾರದವರಿಗೆ ಕಾಳಿ ನದಿಯ ಮುಖ, ಸದಾಶಿವಗಡದ ಕೆಳಗಿನ ಕಾಂಡ್ಲಾ ಗಿಡಗಳ ಅಂಚು, ಮಾಜಾಳಿಯ ದಂಡೆ ಯಾವುದಾದರೂ ಸರಿ. ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವಂತಿರಲಿ. ದೂರವಿದ್ದರೆ ಮೂರನೇ ಭಾನುವಾರಕ್ಕೇ ಉತ್ಸಾಹ ಇಳಿಯುತ್ತದೆ.

ವಾರಕ್ಕೊಮ್ಮೆ ಅದೇ ಜಾಗಕ್ಕೆ ಹೋಗಿ ಮೂರು ಗಂಟೆ ಕೂರಬೇಕು. ಮೊದಲ ಒಂದು ತಿಂಗಳು ಕ್ಯಾಮೆರಾ ಚೀಲದಲ್ಲೇ ಇರಲಿ. ಒಂದು ನೋಟ್‌ಬುಕ್ ಸಾಕು: ತಿಥಿ, ಭರತ ಯಾವಾಗ, ಇಳಿತ ಯಾವಾಗ, ಗಾಳಿ ಯಾವ ಕಡೆಯಿಂದ, ಯಾವ ಹಕ್ಕಿ ಎಲ್ಲಿ ಇತ್ತು. ಭರತದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ದಿನ ಕಳೆದಂತೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಇಳಿತದಲ್ಲಿ ಹಕ್ಕಿಗಳು ಕೆಸರಿನ ತುಂಬ ಚೆದುರಿ ಮೇಯುತ್ತವೆ, ಭರತ ಏರಿದಂತೆ ಉಳಿದ ಒಣ ತುಂಡಿನ ಮೇಲೆ ಒಟ್ಟಾಗುತ್ತವೆ. ಫೋಟೋಗೆ ಒಳ್ಳೆಯ ಹೊತ್ತು ನೀರು ಏರುವಾಗಿನ ಕೊನೆಯ ಒಂದೂವರೆ ಗಂಟೆ. ನೀವು ಹಕ್ಕಿಯ ಹತ್ತಿರ ಹೋಗಬೇಕಿಲ್ಲ, ನೀರೇ ಅವನ್ನು ನಿಮ್ಮ ಕಡೆ ತಳ್ಳಿಕೊಂಡು ಬರುತ್ತದೆ.

ಇದನ್ನೆಲ್ಲ ನನಗಿಂತ ಮೊದಲೇ ಬಲ್ಲವರು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು. ಹಕ್ಕಿಗಳು ಅವರ ಹತ್ತು ಮಾರಿನಲ್ಲಿ ಆರಾಮಾಗಿ ಮೇಯುತ್ತಿದ್ದವು, ನಾನು ಐವತ್ತು ಮಾರು ದೂರದಲ್ಲಿ ತಲೆ ಎತ್ತಿದರೂ ಹಾರಿಹೋಗುತ್ತಿದ್ದವು. ಕೇಳಿದ್ದಕ್ಕೆ ಒಬ್ಬರು ಹೇಳಿದರು: "ನೀವು ಅದರ ಬದಿಗೇ ಹೋಗ್ತೀರಿ. ನಾವು ನಮ್ಮ ಕೆಲ್ಸಕ್ಕೆ ಹೋಗ್ತೇವೆ." ಹಕ್ಕಿಯ ಕಡೆ ನೇರ ಹೆಜ್ಜೆ ಹಾಕಬಾರದು ಎಂಬುದು ಅಂದಿನಿಂದ ತಲೆಯಲ್ಲಿ ಕೂತಿತು. ಓರೆಯಾಗಿ, ನಿಂತು ನಿಂತು, ಬೇರೇನೋ ಹುಡುಕುತ್ತಿರುವವರ ಹಾಗೆ ಹೋಗಿ. ಇಲ್ಲವೇ ಮೊದಲೇ ಹೋಗಿ ಕೂತುಬಿಡಿ.

ಕೂತ ಮೊದಲ ಅರ್ಧ ಗಂಟೆ ಏನೂ ಆಗುವುದಿಲ್ಲ. ಮೊಬೈಲಿಗೆ ಕೈ ಹೋಗುತ್ತದೆ, ಬೆನ್ನು ತುರಿಸುತ್ತದೆ, ಬಿಟ್ಟು ಬಂದ ಕೆಲಸಗಳೆಲ್ಲ ನೆನಪಾಗುತ್ತವೆ. ಶಿರಸಿ ಕಡೆ ಮಳೆಗಾಲದಲ್ಲಿ ಬೆಟ್ಟದೊಳಗೆ ಕೂತರೆ ಇದರ ಜೊತೆಗೆ ಉಂಬಳವೂ ಕಾಲು ಹತ್ತುತ್ತದೆ. ಅಲ್ಲಾಡದೆ ಕೂರುವುದಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಆರ್ಕ್ಟಿಕ್‌ನಲ್ಲೂ ಸಿಗಲಿಲ್ಲ.

ಉತ್ತರದಿಂದ ಬಂದವರನ್ನು ಗುರುತು ಹಿಡಿಯಿರಿ

ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ದಂಡೆಗಳಲ್ಲಿ ಓಡಾಡುವ ಸಣ್ಣ ಹಕ್ಕಿಗಳಲ್ಲಿ ಹಲವು ಮೊಟ್ಟೆಯಿಟ್ಟು ಮರಿ ಮಾಡುವುದು ಆರ್ಕ್ಟಿಕ್ ತುಂದ್ರಾದಲ್ಲಿ. ಸ್ಯಾಂಡರ್ಲಿಂಗ್, ಟರ್ನ್‌ಸ್ಟೋನ್, ಲಿಟಲ್ ಸ್ಟಿಂಟ್, ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲೋವರ್ ಎಲ್ಲವೂ ಆ ಕಡೆಯವೇ. (ದಂಡೆಯಲ್ಲಿ ಹೆಚ್ಚು ಕಾಣುವ ಸ್ಯಾಂಡ್ ಪ್ಲೋವರ್‌ಗಳು ಮಾತ್ರ ಮಧ್ಯ ಏಷ್ಯಾದ ಕಡೆಯವು. ನಾನೂ ಮೊದಲ ವರ್ಷವಿಡೀ ಅವನ್ನೇ ಧ್ರುವದ ಹಕ್ಕಿ ಎಂದು ನಂಬಿ ಫೋಟೋ ತೆಗೆದಿದ್ದೆ.)

ಸ್ಯಾಂಡರ್ಲಿಂಗ್‌ನಿಂದ ಶುರು ಮಾಡಿ. ಹಿಡಿಯಷ್ಟು ದೊಡ್ಡ ಬಿಳಿಚು ಹಕ್ಕಿ, ಕಪ್ಪು ಕಾಲು, ಹಿಂಬೆರಳೇ ಇಲ್ಲ. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡುತ್ತದೆ, ನಾಲ್ಕು ಬಾರಿ ಮರಳಿಗೆ ಕೊಕ್ಕು ಚುಚ್ಚುತ್ತದೆ, ಮುಂದಿನ ಅಲೆ ಬರುವಷ್ಟರಲ್ಲಿ ಕೀಲಿ ಕೊಟ್ಟ ಆಟಿಕೆಯ ಹಾಗೆ ಮೇಲಕ್ಕೋಡುತ್ತದೆ. ಕಾಲು ಒದ್ದೆಯಾಗುತ್ತದೆ, ಹೊಟ್ಟೆ ಆಗುವುದಿಲ್ಲ. ಗುಂಪು ದಂಡೆಯುದ್ದಕ್ಕೂ ಒಂದೇ ದಿಕ್ಕಿಗೆ ಸಾಗುತ್ತಿರುತ್ತದೆ. ನೀವು ಆ ದಿಕ್ಕಿನಲ್ಲಿ ನೂರು ಮೀಟರ್ ಮುಂದೆ ಹೋಗಿ, ಅಲೆಯ ಗೆರೆಗಿಂತ ತುಸು ಮೇಲೆ ಮರಳ ಮೇಲೆ ಹೊಟ್ಟೆಯಡಿ ಮಲಗಿ. ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಲಿ. ಶಟರ್ ಸೆಕೆಂಡಿನ 1/2000, ಅಪರ್ಚರ್ ಎಫ್ 6.3ರ ಸುತ್ತ, ಐಎಸ್‌ಒ ಆಟೋದಲ್ಲಿರಲಿ. ಆಮೇಲೆ ಅಲೆ ಎಣಿಸಿ. ಅಲೆ ಹಿಂದೆ ಸರಿದ ಎರಡನೇ ಸೆಕೆಂಡಿಗೆ ಒದ್ದೆ ಮರಳು ಕನ್ನಡಿಯಾಗುತ್ತದೆ, ಹಕ್ಕಿ ಅದರ ಮೇಲೆ ಇರುತ್ತದೆ. ಒಂದು ಸಲ ತಪ್ಪಿದರೂ ಚಿಂತೆಯಿಲ್ಲ, ಇನ್ನೊಂದು ಅಲೆ ಬಂದೇ ಬರುತ್ತದೆ.

ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ನಿಗುರಿಸಿತೋ, ನೀವು ಹತ್ತಿರವಾದಿರಿ ಎಂದರ್ಥ. ಹಾರಿತೋ, ಅವತ್ತಿನ ಕೆಲಸ ಕೆಟ್ಟಿತು. ಮಾರ್ಚ್, ಏಪ್ರಿಲ್‌ನಲ್ಲಂತೂ ಇನ್ನಷ್ಟು ಜಾಗ ಬಿಡಿ. ಸಾವಿರಾರು ಕಿಲೋಮೀಟರ್ ಹಾರಲು ಮೈಯಲ್ಲಿ ಕೊಬ್ಬು ಕೂಡಿಡುವ ತಿಂಗಳುಗಳು ಅವು. ಒಂದು ಫೋಟೋಗಾಗಿ ಹತ್ತು ಸಲ ಹಾರಿಸಿದರೆ ಅದರ ಬುತ್ತಿಗೆ ಕೈ ಹಾಕಿದ ಹಾಗೆ. ನಾಯಿ ಅಟ್ಟಿಸಿ ಹಕ್ಕಿಗಳ ಹಾರುವ ಗುಂಪು ತೆಗೆಯುವವರನ್ನು ನಮ್ಮ ದಂಡೆಯಲ್ಲೇ ನೋಡಿದ್ದೇನೆ. ಅವರ ಫೋಟೋ ಎಷ್ಟೇ ಚೆನ್ನಾಗಿದ್ದರೂ ನನಗೆ ಅದರಲ್ಲಿ ನಾಯಿಯೇ ಕಾಣುತ್ತದೆ.

ಉಪ್ಪಿನ ರಾಶಿಯಲ್ಲಿ ಹಿಮದ ಪಾಠ

ಹಿಮದ ಫೋಟೋ ತೆಗೆದವರೆಲ್ಲರ ಮೊದಲ ದೂರು ಒಂದೇ: ಹಿಮ ಬೂದಿ ಬಣ್ಣಕ್ಕೆ ಬಂತು. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಮಧ್ಯಮ ಬೂದು ಎಂದು ನಂಬಿಕೊಂಡಿರುತ್ತದೆ. ಪೂರ್ತಿ ಬಿಳಿ ಕಂಡರೆ 'ಇಷ್ಟೊಂದು ಬೆಳಕಾ' ಎಂದು ಗಾಬರಿಯಾಗಿ ತಗ್ಗಿಸುತ್ತದೆ. ನಾವು ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಕೊಟ್ಟು ಮೇಲೆತ್ತಬೇಕು, ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು). ಎಷ್ಟು ಎಂಬುದು ಬಿಸಿಲಿಗೆ, ಮೋಡಕ್ಕೆ, ಚೌಕಟ್ಟಿನಲ್ಲಿ ಬಿಳಿ ಎಷ್ಟಿದೆ ಎಂಬುದಕ್ಕೆ ತಕ್ಕಂತೆ ಬದಲಾಗುತ್ತದೆ. ಪುಸ್ತಕ ಓದಿದರೆ ಇದು ಕೈಗೆ ಬರುವುದಿಲ್ಲ.

ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಬೇಸಿಗೆಯಲ್ಲಿ ಹೋಗಿ. ಉಪ್ಪಿನಾಗರದ ಪಾತಿಗಳ ಅಂಚಿನಲ್ಲಿ ರಾಶಿ ಹಾಕಿದ ಉಪ್ಪು ಇರುತ್ತದೆ. ಒಳಗೆ ಕಾಲಿಡುವ ಮೊದಲು ಕೆಲಸದವರನ್ನು ಕೇಳಿ. ಪಾತಿಯ ನೆಲ ತುಳಿದು ಹದ ಮಾಡಿದ್ದು, ನಮ್ಮ ಬೂಟಿನ ಗುರುತಿಗಲ್ಲ. ಒಂದೇ ರಾಶಿಯನ್ನು ಚೌಕಟ್ಟು ತುಂಬಿಸಿ ಸೊನ್ನೆಯಲ್ಲಿ ಒಂದು ಫೋಟೋ ತೆಗೆಯಿರಿ: ಸಿಮೆಂಟಿನ ಗುಡ್ಡೆ. ಆಮೇಲೆ +0.7, +1, +1.3, +1.7, +2. ಪ್ರತಿ ಸಲವೂ ಹಿಸ್ಟೊಗ್ರಾಮ್, ಎಂದರೆ ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ ನೋಡಿ. ನಕ್ಷೆಯ ದಿಬ್ಬ ಬಲಗಡೆಯ ಗೋಡೆಯ ಹತ್ತಿರ ಬರಬೇಕು, ಗೋಡೆಗೆ ಅಂಟಬಾರದು. ಹರಳುಗಳ ನಡುವಿನ ಸಣ್ಣ ನೆರಳು ಯಾವ ಅಂಕೆಯಲ್ಲಿ ಅಳಿಸಿಹೋಯಿತೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಮ್ಮ ಅಂಕೆ. ಬೆಳಿಗ್ಗೆ, ನಡುಹಗಲು, ಮೋಡ ಕವಿದಾಗ, ಸಂಜೆ ಬೇರೆ ಬೇರೆಯಾಗಿ ಬರೆದಿಡಿ. ನನ್ನ ಆ ಪುಟವನ್ನು ಸ್ವಾಲ್ಬಾರ್ಡ್‌ಗೆ ಹರಿದುಕೊಂಡು ಹೋಗಿದ್ದೆ, ಹೆಚ್ಚು ಕಡಿಮೆ ಹಾಗೇ ಕೆಲಸಕ್ಕೆ ಬಂತು. ವಾಪಸು ಬಂದು ತೋರಿಸಿದ ಮೊದಲ ಹಿಮದ ಫೋಟೋ ನೋಡಿ ಅಮ್ಮ "ಇದು ಸಾಣಿಕಟ್ಟಾನಾ?" ಎಂದು ಕೇಳಿದ್ದು ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು.

ಮಳೆಗಾಲದಲ್ಲಿ ಉಪ್ಪಿಲ್ಲ. ಆಗ ಶಿರಸಿ ತಾಲೂಕಿನ ಸೋಂದಾ ಹತ್ತಿರದ ಮುಂಡಿಗೆಕೆರೆಗೆ ಹೋಗಿ. ಕೆರೆಯ ಮುಂಡಿಗೆ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ಲೆಕ್ಕ ತಿರುಗಾಮುರುಗಾ: ಸುತ್ತ ಕಡು ಹಸಿರು, ನಡುವೆ ಒಂದಿಷ್ಟೇ ಬಿಳಿ. ಮೀಟರ್ ಹಸಿರನ್ನು ನೋಡಿ ಬೆಳಕು ಏರಿಸುತ್ತದೆ, ಹಕ್ಕಿಯ ಗರಿ ಸುಟ್ಟುಹೋಗುತ್ತದೆ. ಇಲ್ಲಿ ಮೈನಸ್ ಕೊಡಬೇಕು. ಕಡುಬಣ್ಣದ ಬಂಡೆಯ ಮೇಲಿನ ಬಿಳಿ ಕಡಲಹಕ್ಕಿಗೂ ಇದೇ ಮದ್ದು. ಇನ್ನು ಕಪ್ಪು–ಬಿಳಿ ಒಟ್ಟಿಗೇ ಬೇಕಾದರೆ ಮಾಜಾಳಿಯ ತಿಳಮಾತಿ ದಂಡೆ ಇದೆ. ಎಳ್ಳಿನಂಥ ಕಪ್ಪು ಮರಳಿನ ಮೇಲೆ ನೊರೆ ಹರಿಯುವಾಗ ಎರಡರ ವಿವರವೂ ಉಳಿಯುವಂತೆ ತೆಗೆಯಲು ಬಂದರೆ ಪೆಂಗ್ವಿನ್ ಕಷ್ಟವಲ್ಲ. (ಪೆಂಗ್ವಿನ್ ದಕ್ಷಿಣದ ಅಂಟಾರ್ಕ್ಟಿಕಾದ ಕಡೆ, ಹಿಮಕರಡಿ ಉತ್ತರದಲ್ಲಿ. ಎರಡನ್ನೂ ಒಂದೇ ಪ್ರವಾಸದಲ್ಲಿ ತೋರಿಸುತ್ತೇವೆ ಎಂದವರ ಹತ್ತಿರ ಮುಂಗಡ ಕೊಡಬೇಡಿ.)

ಫೋಟೋ ರಾ ಫಾರ್ಮ್ಯಾಟಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಕಡತ) ಇರಲಿ, ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿ. ಆಟೋದಲ್ಲಿಟ್ಟರೆ ಹಿಮನದಿಯ ನೀಲಿಯನ್ನು ಕ್ಯಾಮೆರಾ ದೋಷವೆಂದು ತಿಳಿದು ತೊಳೆದುಹಾಕುವುದುಂಟು.

ಮುನ್ನೂರು ಮೀಟರ್ ಎಷ್ಟು ದೂರ?

ಈ ಅಭ್ಯಾಸವನ್ನು ಮಾತ್ರ ಯಾರೂ ಬಿಡಬೇಡಿ. ಸ್ವಾಲ್ಬಾರ್ಡ್‌ನಲ್ಲಿ 2025ರ ಜನವರಿಯಿಂದ ಜಾರಿಯಾದ ನಿಯಮದ ಪ್ರಕಾರ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ನಾನು ಹೋಗಿದ್ದು ಜೂನ್‌ನಲ್ಲಿ, ಎಂದರೆ ಅರ್ಧ ಕಿಲೋಮೀಟರ್.

ಕಾರವಾರದ ಟಾಗೋರ್ ದಂಡೆಯಲ್ಲಿ ಬಿಳಿ ಅಂಗಿ ತೊಟ್ಟ ಗೆಳೆಯನನ್ನು ನಿಲ್ಲಿಸಿ, ಸಾಧಾರಣ ನಡಿಗೆಯ ನಾನೂರು ಹೆಜ್ಜೆ ಎಣಿಸಿಕೊಂಡು ದೂರ ಹೋಗಿ. ಅದು ಸುಮಾರು 300 ಮೀಟರ್. ತಿರುಗಿ ಲೆನ್ಸ್ ಎತ್ತಿ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 400 ಮಿ.ಮೀ. ಲೆನ್ಸ್ ಹಾಕಿದ್ದರೆ ಆ ದೂರದಲ್ಲಿ ಚೌಕಟ್ಟು 27 ಮೀಟರ್ ಅಗಲ, 18 ಮೀಟರ್ ಎತ್ತರದ ಜಾಗವನ್ನು ಹಿಡಿಯುತ್ತದೆ. ಐದೂವರೆ ಅಡಿಯ ಗೆಳೆಯ ಚೌಕಟ್ಟಿನ ಎತ್ತರದಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ. ಇನ್ನೂ ಹಿಂದೆ ಸರಿದು 500 ಮೀಟರ್‌ಗೆ ಹೋದರೆ ಅಂಗಿಯ ಗುಂಡಿ ಹಾಗಿರಲಿ, ಅಂಗಿ ಯಾವುದು ನೊರೆ ಯಾವುದು ತಿಳಿಯುವುದಿಲ್ಲ.

ಮೊದಲ ಸಲ ಇದನ್ನು ನೋಡಿ ನನಗೆ ಜಂಘಾಬಲವೇ ಉಡುಗಿತ್ತು. ನಾನು ಕನಸು ಕಂಡದ್ದು ಚೌಕಟ್ಟು ತುಂಬಿದ ಕರಡಿಯ ಮುಖ. ಅದು ಸಿಗುವುದಿಲ್ಲ, ಸಿಗಲೂಬಾರದು. ಹಾಗಾದರೆ ಏನು ಕಲಿಯಬೇಕು? ಸಣ್ಣ ಜೀವ, ದೊಡ್ಡ ಜಾಗ. ಗೆಳೆಯನನ್ನು ಅಲ್ಲೇ ನಿಲ್ಲಿಸಿ, ಅವನನ್ನು ಮರೆತು ಜಾಗವನ್ನು ಜೋಡಿಸಿ: ಅಲೆಯ ಬಾಗು ಎಲ್ಲಿ ಸಾಗುತ್ತದೆ, ಹಿಂದಿನ ಗುಡ್ಡ ಎಲ್ಲಿ ಇಳಿಯುತ್ತದೆ, ಬೆಳಕು ಎಲ್ಲಿ ಬಿದ್ದಿದೆ. ಎಲ್ಲ ಕೂಡಿದ ಮೇಲೆ ಆ ಬಿಳಿ ಚುಕ್ಕೆ ಎಲ್ಲಿ ಬಂದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡಿ, ಅವನು ಅಲ್ಲಿಗೆ ನಡೆದು ಬರುವವರೆಗೆ ಕಾಯಿರಿ. ಕರೆಯಬೇಡಿ. ಕರಡಿಯನ್ನೂ ಕರೆಯಲು ಬರುವುದಿಲ್ಲ. ಗೆಳೆಯ ಬೇಸತ್ತು ಮನೆಗೆ ಹೋದರೆ ಏಂಡಿ ಬಲೆ ಎಳೆಯುವವರಿದ್ದಾರೆ, ಒಂಟಿ ದೋಣಿ ಇದೆ, ಗರುಡ ಇದೆ.

ಸ್ವಾಲ್ಬಾರ್ಡ್‌ನಲ್ಲಿ ನಮಗೆ ಕರಡಿ ಕಂಡದ್ದು ಒಂದೇ ಬಾರಿ. ಹಡಗಿನ ಎಂಜಿನ್ ನಿಲ್ಲಿಸಿದರು. ತೇಲುವ ಹಿಮದ ಹಾಳೆಗಳ ನಡುವೆ ಹಳದಿ ಛಾಯೆಯ ಒಂದು ಚುಕ್ಕೆ, ಅದು ಹಿಮಕ್ಕಿಂತ ಹಳದಿ ಎಂಬುದರಿಂದಲೇ ಗೊತ್ತಾದದ್ದು. ಎರಡು ಗಂಟೆ ಅದು ಮಲಗಿಯೇ ಇತ್ತು. ಡೆಕ್ಕಿನ ಮೇಲಿದ್ದ ಅರ್ಧ ಜನ ಊಟಕ್ಕೆ ಹೋದರು. ನಾನು ಕೂತೆ. ಅದು ಎದ್ದು, ಒಂದು ಹಾಳೆಯಿಂದ ಇನ್ನೊಂದಕ್ಕೆ ದಾಟುವಾಗ ಹಿಂದಿನ ಕಾಲು ಇನ್ನೂ ನೀರಿನಲ್ಲಿರುವ ಒಂದೇ ಒಂದು ಫೋಟೋ ನನ್ನ ಬಳಿ ಇದೆ. ಚೌಕಟ್ಟಿನಲ್ಲಿ ಕರಡಿ ಅಕ್ಕಿಕಾಳಿನಷ್ಟೇ.

ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್‌ಗಳಿಂದ 5 ಮೀಟರ್ ದೂರ ಎಂಬುದು ಪ್ರವಾಸಿ ಹಡಗುಗಳ ಸಂಘದ ನಿಯಮ. ಅಲ್ಲಿ ಒಂದೇ ಬಾರಿಗೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ದಡದಲ್ಲಿ ಇರುವಂತಿಲ್ಲ. ಹಡಗು ಆರಿಸುವಾಗ ಪ್ರಯಾಣಿಕರ ಸಂಖ್ಯೆ ಮೊದಲು ನೋಡಬೇಕಾದ್ದು ಇದಕ್ಕೇ: ಇನ್ನೂರು ಜನರಿದ್ದರೆ ಅರ್ಧ ಹೊತ್ತು ನೀವು ಹಡಗಿನಲ್ಲೇ ಸರದಿ ಕಾಯುತ್ತೀರಿ.

ದೋಣಿಯಲ್ಲಿ ಕೈ ಪಳಗಿಸುವುದು

ಧ್ರುವ ಪ್ರದೇಶದಲ್ಲಿ ಅರ್ಧ ಫೋಟೋ ತೆಗೆಯುವುದು ಹಡಗಿನಿಂದ, ಇನ್ನರ್ಧ ಜೋಡಿಯಾಕ್ ಎಂಬ ರಬ್ಬರ್ ದೋಣಿಯಿಂದ. ಟ್ರೈಪಾಡ್ ಎರಡರಲ್ಲೂ ದಂಡ, ಎಂಜಿನ್ನಿನ ನಡುಕವನ್ನೇ ಕ್ಯಾಮೆರಾಕ್ಕೆ ತಲುಪಿಸುತ್ತದೆ. ಮಳೆಗಾಲ ಮುಗಿದ ಮೇಲೆ ಪರಿಚಯದವರ ದೋಣಿಯಲ್ಲಿ ಕೂರ್ಮಗಡದ ಕಡೆಗೆ ಬೆಳಿಗ್ಗೆ ಹೊರಡಿ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳುಗಳು, ಕಡಲೂ ಹುಚ್ಚಾಗಿರುತ್ತದೆ, ಆಗ ಬೇಡ. ಕಾಳಿ ಮುಖದ ಆಚೀಚೆ ಹಂಪ್‌ಬ್ಯಾಕ್ ಡಾಲ್ಫಿನ್ ಕಾಣುವುದುಂಟು. ಎದ್ದಾಗ ತೆಗೆಯಲು ಹೋದರೆ ನಿಮಗೆ ಸಿಗುವುದು ನೀರಿನ ಬಳೆ ಮಾತ್ರ. ಮೂರು ಸಲ ಎದ್ದದ್ದನ್ನು ಸುಮ್ಮನೆ ನೋಡಿ, ಅಂತರ ಎಣಿಸಿ, ಸಾಗುವ ದಿಕ್ಕು ಹಿಡಿದು, ನಾಲ್ಕನೆಯದಕ್ಕೆ ಖಾಲಿ ನೀರಿನ ಮೇಲೆ ಲೆನ್ಸ್ ಇಟ್ಟು ಕಾಯಿರಿ. ತಿಮಿಂಗಿಲಕ್ಕೂ ಇದೇ ಲೆಕ್ಕ, ಅಂತರ ಮಾತ್ರ ದೊಡ್ಡದು. ಮೊಣಕಾಲೂರಿ ಕೂತು ಸೊಂಟದಿಂದ ಅಲುಗಾಟವನ್ನು ತಿನ್ನುವುದು ದೋಣಿಯಲ್ಲಿ ಹುಟ್ಟಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ನನ್ನಂಥ ಘಟ್ಟದ ಮೇಲಿನವರಿಗೆ ಬೇಕು.

ಹಬೆ, ಬ್ಯಾಟರಿ, ಕೈಗವಸು

ನಾನು ಅಲ್ಲಿ ಮಾಡಿದ ತಪ್ಪು ಈ ಹಬೆಯದೇ. ಮೊದಲ ಸಂಜೆ ಡೆಕ್ಕಿನ ಮೇಲೆ ಎರಡು ಗಂಟೆ ನಿಂತು, ಚಳಿಗೆ ಹೆದರಿ ಕ್ಯಾಮೆರಾ ಕೊರಳಲ್ಲೇ ಇದ್ದಂತೆ ಬೆಚ್ಚಗಿನ ಕ್ಯಾಬಿನ್ನಿಗೆ ಓಡಿದೆ. ಕಣ್ಣೆದುರೇ ಲೆನ್ಸಿನ ಮೇಲೆ, ಮೌಂಟಿನ ಸಂದಿಯಲ್ಲಿ, ವ್ಯೂಫೈಂಡರ್ ಒಳಗೆ ನೀರಿನ ಹಬೆ ಕೂತಿತು. ಅಷ್ಟರಲ್ಲಿ ಹೊರಗಿನಿಂದ ವಾಲ್ರಸ್ ಎಂದು ಕೂಗಿದರು. ನಾನು ಟವೆಲ್ ಹಿಡಿದು ಕೂತಿದ್ದೆ.

ನಾಚಿಕೆಯೆಂದರೆ ಈ ಪಾಠ ನನಗೆ ಕಾರವಾರದಲ್ಲೇ ಗೊತ್ತಿತ್ತು. ಮೇ ತಿಂಗಳಲ್ಲಿ ಎಸಿ ಕಾರಿನಿಂದ ದಂಡೆಗಿಳಿದರೆ ಲೆನ್ಸು ಬೆವರುತ್ತದಲ್ಲ, ಅದೇ ಇದು: ತಣ್ಣಗಿನ ಗಾಜು, ತೇವದ ಬಿಸಿ ಗಾಳಿ. ಇಲ್ಲಿ ಹೊರಗೆ ಹೋಗುವಾಗ ಆಗುವುದು ಅಲ್ಲಿ ಒಳಗೆ ಬರುವಾಗ ಆಗುತ್ತದೆ. ಮನೆಯಲ್ಲೇ ಪರೀಕ್ಷಿಸಿ. ಕ್ಯಾಮೆರಾವನ್ನು ಒಂದು ಗಂಟೆ ಎಸಿ ಕೋಣೆಯಲ್ಲಿಟ್ಟು ಅಂಗಳಕ್ಕೆ ತನ್ನಿ, ಹಬೆ ಆರಲು ಎಷ್ಟು ಹೊತ್ತು ಬೇಕು ನೋಡಿ. ಮಾರನೇ ದಿನ ಒಳಗಿದ್ದಾಗಲೇ ಜಿಪ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಬಿಗಿಯಾಗಿ ಮುಚ್ಚಿ ತನ್ನಿ. ಹಬೆ ಚೀಲದ ಹೊರಮೈ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಕ್ಯಾಮೆರಾ ಸುತ್ತಲಿನ ಗಾಳಿಯಷ್ಟೇ ಬೆಚ್ಚಗಾಗುವವರೆಗೆ ಚೀಲ ಬಿಚ್ಚಬೇಡಿ. ಧ್ರುವದಲ್ಲಿ ಹೊರಗಿರುವಾಗಲೇ ಮೆಮೊರಿ ಕಾರ್ಡ್ ತೆಗೆದುಕೊಂಡು ಆಮೇಲೆ ಚೀಲ ಮುಚ್ಚಿ. ಇಲ್ಲದಿದ್ದರೆ ಫೋಟೋ ನೋಡುವ ಆಸೆಗೆ ಕೈ ಚೀಲದ ಬಾಯಿಗೆ ಹೋಗಿಯೇ ಹೋಗುತ್ತದೆ. ಲೆನ್ಸಿನ ಮೇಲಿನ ಹಿಮವನ್ನು ಬಾಯಿಂದ ಉಫ್ ಎಂದು ಊದಲೂಬೇಡಿ, ಉಸಿರಿನ ತೇವ ಅಲ್ಲೇ ಗಡ್ಡೆಯಾಗುತ್ತದೆ.

ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಅರ್ಧ ಚಾರ್ಜ್ ಇದ್ದರೂ ಖಾಲಿ ಎಂದು ತೋರಿಸಬಹುದು. ಮೂರು ಬ್ಯಾಟರಿ ಒಳ ಅಂಗಿಯ ಕಿಸೆಯಲ್ಲಿ, ಮೈಗೆ ತಾಗಿಕೊಂಡು ಇರಲಿ. ಸೋತದ್ದನ್ನು ಕಿಸೆಗೆ ಹಾಕಿ ಬೆಚ್ಚಗಾದದ್ದನ್ನು ತೆಗೆಯಿರಿ. ಸ್ವಲ್ಪ ಹೊತ್ತಿಗೆ ಸೋತದ್ದೂ ಚೇತರಿಸಿಕೊಳ್ಳುತ್ತದೆ. ಹೆಪ್ಪುಗಟ್ಟುವಷ್ಟು ತಣ್ಣಗಿರುವ ಬ್ಯಾಟರಿಯನ್ನು ನೇರ ಚಾರ್ಜಿಗೆ ಹಾಕಿದರೆ ಕೆಡುತ್ತದೆ.

ಕೈಗವಸು ಎರಡು ಪದರ: ಒಳಗೆ ತೆಳುವಾದದ್ದು, ಮೇಲೆ ದಪ್ಪನೆಯದು. ಅದನ್ನು ಹಾಕಿಕೊಂಡು ಬ್ಯಾಟರಿ ಬದಲಿಸಲು, ಕಾರ್ಡ್ ಹಾಕಲು, ಡಯಲ್ ಎರಡು ಕ್ಲಿಕ್ ತಿರುಗಿಸಲು ಬರಬೇಕು. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಗಳು ಇದಕ್ಕೆಂದೇ ಇವೆ. ಕತ್ತಲಲ್ಲಿ ಬೆರಳಿನ ನೆನಪಿನಿಂದಲೇ ಮಾಡಿ. ನಾನು ಏಪ್ರಿಲ್ ಬಿಸಿಲಲ್ಲಿ ದಂಡೆಯ ಮೇಲೆ ಉಣ್ಣೆಯ ಗವಸು ತೊಟ್ಟು ಅಭ್ಯಾಸಕ್ಕೆ ನಿಂತಿದ್ದಾಗ ಕ್ರಿಕೆಟ್ ಆಡುವ ಹುಡುಗರು ವಿಕೆಟ್ ಕೀಪಿಂಗ್‌ಗೆ ಕರೆದರು.

1910ರಲ್ಲಿ ಹೊರಟ ಸ್ಕಾಟ್‌ನ ಅಂಟಾರ್ಕ್ಟಿಕ್ ತಂಡದಲ್ಲಿ ಹರ್ಬರ್ಟ್ ಪಾಂಟಿಂಗ್ ಎಂಬ ಫೋಟೋಗ್ರಾಫರ್ ಇದ್ದ. ಅವನಿಗಾಗಿ ಮರಗಟ್ಟುವ ಚಳಿಯಲ್ಲಿ ಅಲ್ಲಾಡದೆ ನಿಲ್ಲಬೇಕಾದ ಸಂಕಟಕ್ಕೆ ಸಂಗಾತಿಗಳು ಅವನ ಹೆಸರಿನಿಂದಲೇ 'ಪಾಂಟ್' ಎಂಬ ಕ್ರಿಯಾಪದ ಹುಟ್ಟಿಸಿದ್ದರು. ಜೊತೆಯವರನ್ನು ಮಾಡೆಲ್ ಮಾಡುವ ಮೊದಲು ಅದನ್ನು ನೆನೆಯಿರಿ.

ಮುಳುಗದ ಬೆಳಕು

ಕಾರವಾರದಲ್ಲಿ ಸೂರ್ಯನ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷ ಚಿಲ್ಲರೆ ಸಾಕು, ನಮ್ಮ ಅಕ್ಷಾಂಶದಲ್ಲಿ ಅವನು ಹೆಚ್ಚು ಕಡಿಮೆ ನೇರವಾಗಿ ಇಳಿಯುತ್ತಾನೆ. 78 ಡಿಗ್ರಿ ಉತ್ತರದಲ್ಲಿರುವ ಸ್ವಾಲ್ಬಾರ್ಡ್‌ನ ಊರು ಲಾಂಗ್‌ಯೀರ್‌ಬೈನ್‌ನಲ್ಲಿ ಹಗಲು–ರಾತ್ರಿ ಸಮವಾಗುವ ವಿಷುವದ ಹೊತ್ತಿಗೆ ಅದೇ ಕೆಲಸಕ್ಕೆ ಹತ್ತು ನಿಮಿಷ ದಾಟುತ್ತದೆ. ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮುಳುಗುವುದೇ ಇಲ್ಲ. ಜೂನ್ ಕೊನೆಯಲ್ಲಿ ನಡುಹಗಲ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿ, ನಡುರಾತ್ರಿಯಲ್ಲಿ 11–12 ಡಿಗ್ರಿಯಲ್ಲಿ ಇರುತ್ತಾನೆ. ನಡುರಾತ್ರಿಯ ಆ ಎತ್ತರ ಕಾರವಾರದಲ್ಲಿ ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲು ಬರುತ್ತದೆ. ಇಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಜಾರುತ್ತದೆ, ಅಲ್ಲಿ ರಾತ್ರಿ ಹತ್ತರಿಂದ ಎರಡರವರೆಗೂ ಹೆಚ್ಚು ಕಡಿಮೆ ಹಾಗೇ ನಿಂತಿರುತ್ತದೆ. ಆದ್ದರಿಂದ ವೇಳಾಪಟ್ಟಿ ತಲೆಕೆಳಗಾಗಲಿ: ಮಧ್ಯಾಹ್ನ ಮಲಗಿ, ನಡುರಾತ್ರಿ ಡೆಕ್ಕಿನ ಮೇಲಿರಿ.

ಹೊರಡುವ ಕಾಗದಪತ್ರ

ಸ್ವಾಲ್ಬಾರ್ಡ್‌ಗೆ ವೀಸಾ ಬೇಕಿಲ್ಲ ಎಂದು ಓದಿ ಹಿಗ್ಗಬೇಡಿ. ಹೋಗುವುದು ನಾರ್ವೆಯ ಮೂಲಕ, ದ್ವೀಪ ಮಾತ್ರ ಷೆಂಗೆನ್ ವಲಯದ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಹೊರಗೆ. ಹೋಗಿ ಮರಳಿ ಬರಲು ಎರಡು ಬಾರಿ ಪ್ರವೇಶವಿರುವ ಷೆಂಗೆನ್ ವೀಸಾ ಬೇಕು. ಊರಿನ ಹೊರಗೆ ಕರಡಿಯ ಭಯ ಇರುವುದರಿಂದ ಗೈಡ್ ಇಲ್ಲದೆ ಕಾಲಿಡಬೇಡಿ. ಅಂಟಾರ್ಕ್ಟಿಕಾಕ್ಕೆ ಹೋಗುವ ಕಾಲ ನವೆಂಬರ್‌ನಿಂದ ಮಾರ್ಚ್, ಹೆಚ್ಚಿನ ಹಡಗುಗಳು ಹೊರಡುವುದು ಅರ್ಜೆಂಟೀನಾದ ಉಶುವಾಯಾದಿಂದ. ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ, ವಾಂತಿ ಮಾತ್ರೆ ಮರೆಯಬೇಡಿ. ಅಂದಹಾಗೆ ಭಾರತದ ಮೊದಲ ಅಂಟಾರ್ಕ್ಟಿಕ್ ತಂಡ ಡಾ. ಎಸ್.ಝಡ್. ಕಾಸಿಂ ನೇತೃತ್ವದಲ್ಲಿ 1981ರ ಡಿಸೆಂಬರ್‌ನಲ್ಲಿ ಹೊರಟದ್ದು ನಮ್ಮ ಪಕ್ಕದ ಗೋವಾದಿಂದಲೇ. ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇವತ್ತಿಗೂ ವಾಸ್ಕೋದಲ್ಲಿದೆ.

ಆರಿಸಿ, ಉಳಿದದ್ದನ್ನು ಅಳಿಸಿ

1915ರಲ್ಲಿ ಎಂಡ್ಯೂರೆನ್ಸ್ ಹಡಗು ಅಂಟಾರ್ಕ್ಟಿಕ್ ಹಿಮದಲ್ಲಿ ಸಿಕ್ಕಿ ನುಚ್ಚಾದಾಗ ಅದರ ಫೋಟೋಗ್ರಾಫರ್ ಫ್ರಾಂಕ್ ಹರ್ಲಿ ತಣ್ಣನೆಯ ನೀರಿಗಿಳಿದು ಗಾಜಿನ ನೆಗೆಟಿವ್‌ಗಳನ್ನು ಎತ್ತಿದ್ದ. ಎಲ್ಲವನ್ನೂ ಹೊರಲಾಗದೆ, ತಂಡದ ನಾಯಕ ಷ್ಯಾಕಲ್ಟನ್ ಜೊತೆ ಹಿಮದ ಮೇಲೆ ಕೂತು ಸುಮಾರು 120 ಆರಿಸಿ, ಉಳಿದ ಸುಮಾರು 400 ಫಲಕಗಳನ್ನು ಒಡೆದುಹಾಕಿದ. ಮತ್ತೆ ಮನಸ್ಸು ಬದಲಾಗದಿರಲಿ ಎಂದು.

ನಮಗೆ ಒಡೆಯಲು ಗಾಜಿಲ್ಲ. ಆದರೂ ಪ್ರತಿ ತಿಂಗಳ ಕೊನೆಗೆ ಅಳಿವೆಯ ಫೋಟೋಗಳಲ್ಲಿ ಹನ್ನೆರಡು ಉಳಿಸಿ ಬಾಕಿ ಅಳಿಸುವ ರೂಢಿ ಮಾಡಿಕೊಳ್ಳಿ. ಮೊದಲೆರಡು ತಿಂಗಳು ಕೈ ನಡುಗುತ್ತದೆ. ಆಮೇಲೆ ದಂಡೆಯಲ್ಲೇ, ಶಟರ್ ಒತ್ತುವ ಮುಂಚೆಯೇ 'ಇದು ಹನ್ನೆರಡರಲ್ಲಿ ಇರುವುದಿಲ್ಲ' ಎಂದು ಬೆರಳು ತಡೆಯುತ್ತದೆ. ಸ್ವಾಲ್ಬಾರ್ಡ್‌ನ ಹತ್ತು ದಿನದಲ್ಲಿ ಜೊತೆಯವರು ದಿನಕ್ಕೆ ಎರಡು ಸಾವಿರ ತೆಗೆಯುತ್ತಿದ್ದರು. ನನ್ನದು ಎಲ್ಲ ಸೇರಿ ಒಂದೂವರೆ ಸಾವಿರ, ಮುದ್ರಿಸಿದ್ದು ಒಂಬತ್ತು.

ಮುದ್ರಿಸಿದ ಮೇಲಿನ ಕೆಲಸ ನಮ್ಮೂರಿನದೇ. ಫೋಟೋವನ್ನು ನೇರ ಗೋಡೆಗೆ ತಾಗಿಸಿ ನೇತುಹಾಕಬೇಡಿ. ಜುಲೈಯಲ್ಲಿ ಗೋಡೆ ಬೆವರಿ ಕಾಗದ ಅಲೆಯಾಗುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಬೂಷ್ಟು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬೆರಳು ದಪ್ಪದ ಮರದ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ಲೆನ್ಸುಗಳು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿರಲಿ, ಜೆಲ್ಲನ್ನು ಹದಿನೈದು ದಿನಕ್ಕೊಮ್ಮೆ ಬಿಸಿ ಮಾಡಿ ಒಣಗಿಸಿ. ನನ್ನ ಒಂಬತ್ತರಲ್ಲಿ ಎರಡು ಮೊದಲ ಮಳೆಗಾಲಕ್ಕೇ ಹೋದವು. ಉಳಿದ ಏಳರಲ್ಲಿ ಒಂದು ಟರ್ನ್‌ಸ್ಟೋನ್ ಹಕ್ಕಿಯದು. ಇಲ್ಲಿ ಚಳಿಗಾಲವಿಡೀ ಮಣ್ಣು ಬಣ್ಣದಲ್ಲಿ ನೋಡಿದ್ದ ಹಕ್ಕಿ, ಅಲ್ಲಿ ಕಪ್ಪು–ಬಿಳಿ–ಇಟ್ಟಿಗೆ ಕೆಂಪು ಉಟ್ಟು ಕಲ್ಲು ಮಗುಚುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಓರೆಯಾಗಿ ಹೋಗಿ ಕೂತೆ.